ಥೈರಾಯ್ಡ್ ಮಾತ್ರೆ ಮತ್ತು ಬೆಳಗಿನ ಕಾಫಿ

ಸುಸ್ತು, ಮೈ ದಪ್ಪವಾಗುವುದು, ಮಲಬದ್ಧತೆ, ಕೂದಲು ಉದುರುವುದು, ಮರೆವು. ಮುಟ್ಟು ನಿಂತ ಮೇಲೆ ಇದೆಲ್ಲ ಇದ್ದದ್ದೇ ಅಂತ ಮನೆಯವರು ಹೇಳುತ್ತಾರೆ, ಹೆಂಗಸರೂ ನಂಬಿಬಿಡುತ್ತಾರೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದರೂ ಹೀಗೇ ಆಗುತ್ತದೆ. ಮುಖ ನೋಡಿ ಇದು ಯಾವುದು ಅಂತ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್ ಇದು; ಥೈರಾಯ್ಡ್ ಕುಂದಿದರೆ ಏರುತ್ತದೆ, ಥೈರಾಯ್ಡ್ ಹಾರ್ಮೋನ್ ಅತಿಯಾದರೆ ಇಳಿಯುತ್ತದೆ.

ಆದರೆ ಚಿಕ್ಕಮಗಳೂರಿನಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಬೇರೆ. ಕಾಯಿಲೆ ಗೊತ್ತಾಗಿರುತ್ತದೆ, ಮಾತ್ರೆಯೂ ನಡೆಯುತ್ತಿರುತ್ತದೆ, ಟಿಎಸ್‌ಎಚ್ ಮಾತ್ರ ಇಳಿಯುವುದಿಲ್ಲ. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಅದು ನಿಜವೇ. "ಕಾಫಿ ಯಾವಾಗ ಕುಡೀತೀರಮ್ಮ?" ಅಂತ ಕೇಳಿದರೆ ವಿಷಯ ಹೊರಗೆ ಬರುತ್ತದೆ. ಮೂಡಿಗೆರೆಯಿರಲಿ, ಆಲ್ದೂರಿರಲಿ, ಎದ್ದ ಕೂಡಲೇ ಕಾಫಿ ಬೇಕು. ಮಾತ್ರೆ ನುಂಗಿದ ಹಿಂದೆಯೇ ಕಾಫಿ ಹೋದರೆ ಅದರಲ್ಲಿರುವ ಥೈರಾಯ್ಡ್ ಔಷಧ ಲೆವೊಥೈರಾಕ್ಸಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಿರಿ. ಅಷ್ಟು ಹೊತ್ತು ಕಾಯಲು ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ 3 ಗಂಟೆಯ ನಂತರ ತೆಗೆದುಕೊಳ್ಳಬಹುದು. ನಿಮ್ಮ ಡಾಕ್ಟರನ್ನು ಕೇಳಿ ಬದಲಾಯಿಸಿ.

ಕ್ಯಾಲ್ಸಿಯಂ ಮಾತ್ರೆಯದ್ದೂ ಇದೇ ಕತೆ. ಈ ವಯಸ್ಸಿನಲ್ಲಿ ಮೂಳೆಗೆ ಅಂತ ಎಲ್ಲರಿಗೂ ಕೊಟ್ಟಿರುತ್ತಾರೆ ಅಲ್ವಾ? ಎರಡನ್ನೂ ಒಟ್ಟಿಗೆ ನುಂಗಬೇಡಿ. ನಡುವೆ 4 ಗಂಟೆ ಇರಲಿ. ಕಬ್ಬಿಣದ ಮಾತ್ರೆಗೂ ಅಷ್ಟೇ.

ಇದನ್ನೆಲ್ಲ ವಿಚಾರಿಸದೆ ಸುಮ್ನೆ ಡೋಸ್ ಏರಿಸಿದರೆ ನನಗೆ ಸಂಕಟವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಕಡಿಮೆಯಾಗಿ ಮೂಳೆ ಮೊದಲೇ ಸವೆಯುತ್ತಿರುತ್ತದೆ. ಥೈರಾಯ್ಡ್ ಹಾರ್ಮೋನ್ ಅತಿಯಾದರೆ ಇನ್ನೂ ಬೇಗ ಸವೆಯುತ್ತದೆ. ಎದೆ ಬಡಿತದ ಲಯ ತಪ್ಪುವುದೂ ಉಂಟು. ಎದೆ ಡವಗುಟ್ಟುತ್ತದೆ, ಬೆವರು ಕಿತ್ತು ಬರುತ್ತದೆ ಅಂದರೆ ಅದನ್ನೂ ಮುಟ್ಟು ನಿಂತದ್ದರ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಮಾತ್ರೆ ತೆಗೆದುಕೊಳ್ಳುವವರಿಗೆ ಹಾಗಾದರೆ ಟಿಎಸ್‌ಎಚ್ ತೀರಾ ಇಳಿದಿದೆಯಾ ಅಂತ ನೋಡಬೇಕು.

ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. 70 ದಾಟಿದವರಿಗೆ 5 ಅಥವಾ 6 ಬಂದ ಮಾತ್ರಕ್ಕೆ ಮಾತ್ರೆ ಶುರುಮಾಡುವ ಅವಸರ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಡೋಸ್ ಬದಲಾದ ಮೇಲೂ 6 ರಿಂದ 8 ವಾರ ಬಿಟ್ಟೇ ರಕ್ತ ಕೊಡಿ, ಅದಕ್ಕೆ ಮುಂಚೆ ಸರಿಯಾದ ಅಂದಾಜು ಸಿಗುವುದಿಲ್ಲ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆಯೇ ನಿಲ್ಲಿಸಿ. ಅದರಿಂದ ವರದಿಯೇ ತಪ್ಪು ಬರಬಹುದು.