ಜೀಪಿನ ಹುಡ್ ಸೋರೋದು ಬಟ್ಟೆಯಿಂದಲಾ, ಕಂಬಿಯಿಂದಲಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ಓಡಿಸುತ್ತಿದ್ದ ಮಹೀಂದ್ರ ಸಿಜೆ-3ಬಿ ಜೀಪ್ ಶೆಡ್‌ನಲ್ಲೇ ನಿಂತಿದೆ. ಇಂಜಿನ್ ಈಗಲೂ ಸ್ಟಾರ್ಟ್ ಆಗುತ್ತೆ, ಆದರೆ ತಳದ ಶೀಟು ತುಕ್ಕು ತಿಂದಿದೆ. ರೆಡಿಮೇಡ್ ಹುಡ್ (ಮೇಲೆ ಹೊದಿಸೋ ಬಟ್ಟೆ ಚಾವಣಿ) ತರಿಸಿ ಹಾಕಿದೆವು, ಮೊದಲ ಮಳೆಗೇ ಸೋರಿತು. ಸೋರದ ಬಟ್ಟೆ ಯಾವುದು? ಮೊದಲು ಹುಡ್ ಮಾಡಿಸೋದಾ, ಬಾಡಿ ಕೆಲಸ ಮಾಡಿಸೋದಾ?

ಉತ್ತರ: ಮಲೆನಾಡು, ಕೊಡಗಿನ ಕಡೆಯಿಂದ ಈ ಪ್ರಶ್ನೆ ಬರದ ಮಳೆಗಾಲವೇ ಇಲ್ಲ. ಎಲ್ಲರೂ ಕೇಳೋದು ಬಟ್ಟೆ ಬಗ್ಗೆ. ಬೈಸಿಕೊಳ್ಳೋದೂ ಬಟ್ಟೆಯೇ. ಆದರೆ ಜೀಪಿನ ಹುಡ್ ಸೋರಿದರೆ ಬಹುಪಾಲು ತಪ್ಪು ಬಟ್ಟೆ ಕೆಳಗಿರುವ ಕಬ್ಬಿಣದ್ದು. ಹಾಗಾಗಿ ಎರಡನೇ ಪ್ರಶ್ನೆಗೆ ಉತ್ತರ ಸುಲಭ: ಬಾಡಿ ಮೊದಲು, ಹುಡ್ ಕೊನೆಗೆ.

ದುಡ್ಡು ಖರ್ಚು ಮಾಡೋ ಮೊದಲು ಒಂದು ಕೆಲಸ ಮಾಡಿ. ಈಗಿರುವ ಹುಡ್ ಹಾಕಿಯೇ ಒಳಗೆ ಕೂತುಕೊಳ್ಳಿ, ಹೊರಗಿನಿಂದ ಯಾರಾದರೂ ಪೈಪಿನಲ್ಲಿ ನೀರು ಬಿಡಲಿ. ಎಲ್ಲಿ ಒದ್ದೆಯಾಗುತ್ತೆ ನೋಡಿ. ಪಾದ ಒದ್ದೆಯಾದರೆ ಹುಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ವಿಂಡ್‌ಶೀಲ್ಡ್ ಫ್ರೇಮ್ ಬುಡದಲ್ಲಿರುವ ರಬ್ಬರ್ ಸತ್ತಿದೆ ಅಂತ ಅರ್ಥ. ಮೊಣಕಾಲು ಅಥವಾ ಭುಜಕ್ಕೆ ಹನಿ ಬಿದ್ದರೆ ವಿಂಡ್‌ಶೀಲ್ಡ್‌ನ ಮೇಲಿನ ಮೂಲೆಯಲ್ಲಿ ಹುಡ್ ಸರಿಯಾಗಿ ಕೂತಿಲ್ಲ. ನೆತ್ತಿ ಮೇಲೆ ಬಿದ್ದರೆ ಮಾತ್ರ ಬಟ್ಟೆ, ಹೊಲಿಗೆ, ಬಟ್ಟೆಯನ್ನು ಎತ್ತಿ ಹಿಡಿಯೋ ಕಂಬಿ ಇವುಗಳನ್ನು ಅನುಮಾನಿಸಬೇಕು. ರಬ್ಬರ್ ಬದಲಿಸಿದರೆ ಮುಗಿಯೋ ಕೆಲಸಕ್ಕೆ ಇಡೀ ಹುಡ್ ಹೊಲಿಸಿದವರು ಬೇಕಾದಷ್ಟು ಜನ ಇದ್ದಾರೆ.

ರೆಡಿಮೇಡ್ ಯಾಕೆ ಸರಿಹೊಂದಲ್ಲ ಅನ್ನೋದಕ್ಕೆ ಜೀಪಿನ ಇತಿಹಾಸವನ್ನೂ ಸ್ವಲ್ಪ ನೋಡಬೇಕು. ಅಮೆರಿಕದ ವಿಲ್ಲಿಸ್ ಕಂಪನಿ ಸಿಜೆ-3ಬಿಯನ್ನು 1953ರಲ್ಲಿ ಹೊರತಂದಿತು. ಹೊಸ ಹರಿಕೇನ್ ಇಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್ ಸಿಲಿಂಡರ್‌ನ ಮೇಲ್ಭಾಗಕ್ಕೆ ಬಂತು, ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚೋಕೆ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮ ತೋಟಗಳಲ್ಲಿ ಕಾಣುವ ಆ ಎತ್ತರದ ಮೂತಿ ಹಾಗೆ ಬಂದದ್ದು. ಅಮೆರಿಕದಲ್ಲಿ ಇದರ ತಯಾರಿ 1968ಕ್ಕೆ ನಿಂತಿತು, ಇಲ್ಲಿ ಮಹೀಂದ್ರದವರು ಆಮೇಲೂ ಮುಂದುವರಿಸಿದರು. ಸಿಜೆ-3ಬಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 80 ಇಂಚು. ಇದೇ ಮನೆತನದ ಉದ್ದ ಚಾಸಿಯ ಸಿಜೆ-4ರದ್ದು 91 ಇಂಚು. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ, ಹುಡ್ ಮಾತ್ರ ಒಂದರದ್ದು ಇನ್ನೊಂದಕ್ಕೆ ಆಗಲ್ಲ. ಸಾಲದ್ದಕ್ಕೆ ಇಷ್ಟು ವರ್ಷಗಳಲ್ಲಿ ಯಾವ ಗ್ಯಾರೇಜಿನವರು ಯಾವ ಫ್ರೇಮ್ ಬದಲಿಸಿದ್ದಾರೋ, ಯಾರು ಪೈಪ್ ಬಗ್ಗಿಸಿ ಹೊಸ ಕಂಬಿ ಮಾಡಿಕೊಟ್ಟಿದ್ದಾರೋ. ಒಂದೇ ಮಾದರಿಯ ಎರಡು ಹಳೇ ಜೀಪ್‌ಗಳ ಅಳತೆಯೂ ಈಗ ಒಂದೇ ಇರುತ್ತೆ ಅಂತ ನಂಬೋಕಾಗಲ್ಲ. ಆದ್ದರಿಂದ ಹುಡ್ಡನ್ನು ಜೀಪ್ ಮೇಲೆಯೇ ಅಳತೆ ತೆಗೆದು ಹೊಲಿಸಬೇಕು.

ಬಾಡಿ ಕೆಲಸದಲ್ಲಿ ಎಚ್ಚರ ಬೇಕಾದದ್ದು ಪೆಟ್ರೋಲ್ ಟ್ಯಾಂಕ್ ವಿಷಯದಲ್ಲಿ. ಈ ಜೀಪಿನಲ್ಲಿ ಟ್ಯಾಂಕ್ ಇರೋದು ಡ್ರೈವರ್ ಸೀಟ್ ಕೆಳಗೆ. ತುಕ್ಕು ಜಾಸ್ತಿ ಹಿಡಿಯೋ ಜಾಗವೂ ಅದೇ. ಕೆಸರು, ಎಲೆ, ನೀರು ಎಲ್ಲ ಟ್ಯಾಂಕಿನ ಅಡಿಗೆ ಸೇರಿ ಕೂತಿರುತ್ತೆ. ಟ್ಯಾಂಕ್ ಬಿಚ್ಚಿ ದೂರ ಇಡದೆ ಅಲ್ಲಿ ವೆಲ್ಡಿಂಗ್ ಮಾಡೋಕೆ ಯಾರನ್ನೂ ಬಿಡಬೇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡಬೇಡಿ, ಸಿಡಿಯೋದು ಒಳಗುಳಿದ ಪೆಟ್ರೋಲ್ ಆವಿ. ತಳದ ಶೀಟು ಹಾಕುವಾಗ ಅದರ ಅಡಿಯಲ್ಲಿ ಅಡ್ಡಡ್ಡ ಹೋಗಿರುವ ಚಾನೆಲ್‌ಗಳನ್ನೂ ನೋಡಿಸಿ. ಮೇಲೆ ಹೊಳೆಯುವ ಶೀಟು, ಕೆಳಗೆ ಪುಡಿಪುಡಿ ಚಾನೆಲ್ ಇದ್ದರೆ ನಾಲ್ಕು ಸಲ ಕಲ್ಲುದಾರಿ ಹತ್ತಿದ ಮೇಲೆ ಬಾಡಿ ತಿರುಚಿಕೊಳ್ಳುತ್ತೆ. ಬಾಡಿ ತಿರುಚಿದರೆ ಹುಡ್ ಹಿಗ್ಗುತ್ತೆ, ಬಟನ್ ಕಿತ್ತುಬರುತ್ತೆ. ಪಟ್ಟಿ ಮೆತ್ತಿ ತುಕ್ಕು ಮುಚ್ಚೋದು ಬೇಡ. ಕೊಳೆತ ಶೀಟನ್ನು ಕತ್ತರಿಸಿ ಹೊಸದು ಬೆಸೆಯಬೇಕು, ಎರಡೂ ಕಡೆ ಪ್ರೈಮರ್ ಬೀಳಬೇಕು.

ಈಗ ಕಂಬಿಗಳ ವಿಷಯಕ್ಕೆ ಬರೋಣ. ನಾನು ಜಾಸ್ತಿ ಸಮಯ ಕೊಡಿ ಅನ್ನೋದು ಇಲ್ಲೇ. ಹುಡ್ ನಿಲ್ಲೋದು ಮುಂದೆ ವಿಂಡ್‌ಶೀಲ್ಡ್ ಮೇಲೆ, ಹಿಂದೆ ಈ ಬಗ್ಗಿಸಿದ ಪೈಪ್‌ಗಳ ಮೇಲೆ. ತೋಟದ ಜೀಪ್ ಅಂದ ಮೇಲೆ ಹುಡ್ ಮೇಲೆ ಚೀಲ ಹೇರಿರುತ್ತಾರೆ, ಹಿಂದೆ ನಿಂತವರು ಕಂಬಿ ಹಿಡಿದು ಜೋತಾಡಿರುತ್ತಾರೆ. ಪೈಪಿನ ನಡು ತಗ್ಗಿರುತ್ತೆ. ಕಣ್ಣಿಗೆ ಕಾಣದಷ್ಟು ತಗ್ಗಿದರೂ ಸಾಕು, ಅಲ್ಲಿ ಬಟ್ಟೆ ಜೋಲುತ್ತೆ, ನೀರು ನಿಲ್ಲುತ್ತೆ. ನಿಂತ ನೀರಿನ ಭಾರಕ್ಕೆ ಇನ್ನಷ್ಟು ಜೋಲುತ್ತೆ. ಆಮೇಲೆ ಎಂಥ ಬಟ್ಟೆಯಾದರೂ ಹೊಲಿಗೆ ತೂತಿನಲ್ಲಿ ನೀರು ಇಳಿಯೋದೇ.

ನೋಡೋದು ಹೀಗೆ. ಜೀಪನ್ನು ಸಮ ನೆಲದ ಮೇಲೆ ನಿಲ್ಲಿಸಿ. ವಿಂಡ್‌ಶೀಲ್ಡ್ ಎತ್ತಿ ಎರಡೂ ಕಡೆ ಕ್ಲಾಂಪ್ ಬಿಗಿಯಿರಿ. ವಿಂಡ್‌ಶೀಲ್ಡ್ ಮೇಲಂಚಿನಿಂದ ಹಿಂದಿನ ಕಂಬಿವರೆಗೆ ಎಡ, ನಡು, ಬಲ ಮೂರು ಕಡೆ ದಾರ ಬಿಗಿಯಾಗಿ ಕಟ್ಟಿ. ನಡುವಿನ ದಾರ ಉಳಿದ ಎರಡಕ್ಕಿಂತ ಸ್ವಲ್ಪ ಎತ್ತರದಲ್ಲಿರಬೇಕು, ನೀರು ಅಕ್ಕಪಕ್ಕಕ್ಕೆ ಹರಿಯೋದು ಅದರಿಂದಲೇ. ಮಧ್ಯೆ ಇನ್ನೊಂದು ಕಂಬಿ ಇದ್ದರೆ ಅದು ಮೂರೂ ದಾರಗಳನ್ನು ಮುಟ್ಟಬೇಕು. ದಾರಕ್ಕೂ ಕಂಬಿಗೂ ನಡುವೆ ಗ್ಯಾಪ್ ಉಳಿದರೆ ಆ ಕಂಬಿ ಸುಮ್ನೆ ಅಲಂಕಾರಕ್ಕೆ. ಆಮೇಲೆ ಟೇಪ್ ಹಿಡಿದು ವಿಂಡ್‌ಶೀಲ್ಡ್‌ನ ಎಡಮೂಲೆಯಿಂದ ಹಿಂದಿನ ಕಂಬಿಯ ಬಲಮೂಲೆಗೆ, ಬಲದಿಂದ ಎಡಕ್ಕೆ ಅಳೆಯಿರಿ. ಎರಡೂ ಒಂದೇ ಬರಬೇಕು. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಹೊಲಿಯುವವರ ಹತ್ತಿರ ಹೋಗಬೇಡಿ, ವಾಪಸ್ ಟಿಂಕರಿಂಗ್‌ನವರ ಹತ್ತಿರ ಹೋಗಿ. ಎಲ್ಲ ಸರಿಯಾದ ಮೇಲೆ ಕಂಬಿಗೆ ಪೇಂಟ್ ಹೊಡೆಸಿ, ಅದು ಪೂರ್ತಿ ಒಣಗಲಿ. ಹಸಿ ಪೇಂಟ್ ಬಟ್ಟೆಗೆ ಅಂಟಿಕೊಳ್ಳುತ್ತೆ.

ಇನ್ನು ಬಟ್ಟೆ. ನಿಮ್ಮ ಮುಂದೆ ಎರಡು ದಾರಿ ಇವೆ: ಹತ್ತಿ ಕ್ಯಾನ್ವಾಸ್ ಅಥವಾ ಪಿವಿಸಿ ಲೇಪನದ ಟಾರ್ಪಾಲ್. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿಗೆ ಇದ್ದದ್ದು ಹತ್ತಿಯೇ. ಒದ್ದೆಯಾದಾಗ ಅದರ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತೆ. ಒಳಗಿನ ಆವಿ ಹೊರಗೆ ಹೋಗುತ್ತೆ, ಗಾಜು ಮಬ್ಬಾಗೋದು ಕಡಿಮೆ. ನೋಡೋಕೂ ಚೆಂದ. ಆದರೆ ಒದ್ದೆ ಬಟ್ಟೆಯನ್ನು ಮಡಚಿಟ್ಟರೆ ಬೂಷ್ಟು ಗ್ಯಾರಂಟಿ. ಪಿವಿಸಿಗೆ ಆ ತಲೆನೋವಿಲ್ಲ, ನೀರು ಒಳಗೆ ಬಿಡೋದೇ ಇಲ್ಲ. ಅದರ ತೊಂದರೆ ಬೇರೆ: ಉಸಿರಾಡಲ್ಲ, ಬಿಸಿಲಿಗೆ ವರ್ಷಗಳು ಕಳೆದಂತೆ ಗಡುಸಾಗಿ ಮಡಿಕೆ ಇರುವಲ್ಲಿ ಬಿರುಕು ಬಿಡುತ್ತೆ. ಜೂನ್‌ನಿಂದ ಮೂರು ತಿಂಗಳು ಬಿಸಿಲೇ ಕಾಣದ ಊರಿನಲ್ಲಿ, ದಿನಾ ತೋಟಕ್ಕೆ ಓಡುವ ಜೀಪಿಗೆ ನಾನಾದರೆ ಪಿವಿಸಿ ಹಾಕಿಸುತ್ತೇನೆ. ಭಾನುವಾರ ಮಾತ್ರ ಹೊರಗೆ ತೆಗೆಯೋ ಜೀಪಿಗೆ ಕ್ಯಾನ್ವಾಸ್. ಸೀಟಿನ ರೆಕ್ಸಿನ್ನನ್ನೇ ಮೇಲಕ್ಕೂ ಹಾಕ್ತೀವಿ ಸಾರ್ ಅಂತ ಕುಶನ್ ಅಂಗಡಿಯವರು ಹೇಳಿದರೆ ನಯವಾಗಿ ಬೇಡ ಅನ್ನಿ. ಕ್ಯಾನ್ವಾಸ್ ತಗೊಂಡರೆ ಅದು ನೀರು ತಡೆಯೋ ಲೇಪನ ಆಗಿರೋದಾ, ಲೇಪನ ಇಲ್ಲದ್ದಾ ಕೇಳಿ. ಲೇಪನ ಇಲ್ಲದ್ದಾದರೆ ಕತ್ತರಿಸೋ ಮೊದಲು ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ಕುಗ್ಗಿ ಹಿಂದಿನ ಬಟನ್‌ಗಳೇ ಹತ್ತಲ್ಲ.

ಹಳೇ ಹುಡ್ ಬಿಚ್ಚಿ ಅದರ ಮೇಲೆ ಹೊಸ ಬಟ್ಟೆ ಹಾಸಿ ಕತ್ತರಿಸೋದು ಸುಲಭದ ದಾರಿ. ಬೇಡ. ಹಳೇ ಬಟ್ಟೆ ಎಲ್ಲೋ ಹಿಗ್ಗಿರುತ್ತೆ, ಎಲ್ಲೋ ಕುಗ್ಗಿರುತ್ತೆ. ಹೊಲಿಗೆ ಎಲ್ಲೆಲ್ಲಿ ಬರುತ್ತೆ ಅಂತ ನೋಡೋಕೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಅಗ್ಗದ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಂಬಿ ಮೇಲೆ ಎಳೆದು, ಕ್ಲಿಪ್ ಹಾಕಿ, ಮಾರ್ಕರ್‌ನಲ್ಲಿ ಗೆರೆ ಎಳೆದು ಅದನ್ನೇ ಅಚ್ಚು ಮಾಡಿಕೊಳ್ಳಿ.

ದಾರ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಎಳೆದರೆ ಗಟ್ಟಿ, ಬಿಸಿಲಿಗೆ ಪಾಲಿಯೆಸ್ಟರ್‌ನಷ್ಟು ಬಾಳಲ್ಲ. ಎರಡು ತುಂಡು ಸೇರುವಲ್ಲಿ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಬೀಳಬೇಕು, ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಇರುತ್ತಲ್ಲ, ಹಾಗೆ. ಮಡಿಕೆಯ ಬಾಯಿ ನೀರು ಹರಿಯೋ ದಿಕ್ಕಿಗೆ ಇರಬೇಕು, ಎದುರಿಗಲ್ಲ. ಹೊಲಿಗೆ ತೀರಾ ಒತ್ತೊತ್ತಾಗಿ ಇದ್ದರೆ ಗಟ್ಟಿ ಅಂತ ಅಂದುಕೊಳ್ಳುತ್ತಾರೆ, ಆದರೆ ಹತ್ತಿರ ಹತ್ತಿರ ತೂತು ಬಿದ್ದರೆ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತೆ. ಇಂಚಿಗೆ ಆರೇಳು ಹೊಲಿಗೆ ಸಾಕು. ಕ್ಯಾನ್ವಾಸ್ ಆದರೆ ಹೊಲಿಗೆ ಮೇಲೆ ಜೇನುಮೇಣ ತಿಕ್ಕಿಸಿ. ಕಂಬಿಗೆ ಉಜ್ಜುವ ಕಡೆ ಒಳಗಿನಿಂದ ಇನ್ನೊಂದು ಪದರ ಪಟ್ಟಿ ಬರಲಿ.

ಪ್ರೆಸ್ ಬಟನ್‌ಗಳನ್ನು ಅಂಗಡಿಯಲ್ಲೇ ಅಂದಾಜಿಗೆ ಹೊಡೆಸಬೇಡಿ. ಮೊದಲು ವಿಂಡ್‌ಶೀಲ್ಡ್ ಮೇಲೆ ನಡುವಿನದ್ದು ಹಾಕಿ, ಆಮೇಲೆ ಎರಡೂ ಮೂಲೆ, ಆಮೇಲೆ ಬಟ್ಟೆಯನ್ನು ಹಿಂದಕ್ಕೆ ಎಳೆದು ಹಿಂದಿನ ಪಟ್ಟಿ, ಬಕಲ್. ಪಕ್ಕದವು ಕೊನೆಗೆ. ಮಧ್ಯಾಹ್ನದ ಬಿಸಿಲಲ್ಲಿ ಪಿವಿಸಿ ಮೆತ್ತಗಾಗಿರುತ್ತೆ, ಕೂರಿಸೋಕೆ ಅದೇ ಒಳ್ಳೆ ಹೊತ್ತು.

ಕೊನೆಗೆ ಕಾಗದಪತ್ರದ ಮಾತು, ಇದನ್ನು ಯಾರೂ ಕೇಳಲ್ಲ. ರಿಪೇರಿ ಆದ ಮೇಲೆ ಮಿಲಿಟರಿ ಹಸಿರು ಹೊಡೆಸೋ ಆಸೆ ಎಲ್ಲರಿಗೂ ಇರುತ್ತೆ. ಆಲಿವ್ ಹಸಿರು ಬಣ್ಣವನ್ನು ಕೇಂದ್ರ ಮೋಟಾರು ವಾಹನ ನಿಯಮ ಸೇನೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ. ಬೇರೆ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ಅದನ್ನು ಬರೆಸಬೇಕು. ಜೀಪಿಗೆ 50 ವರ್ಷ ದಾಟಿದ್ದರೆ 2021ರ ನಿಯಮದಡಿ ವಿಂಟೇಜ್ ಅಂತ 'ವಿಎ' ಸರಣಿಯ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಆ ನಂಬರ್ ಇದ್ದ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥವಕ್ಕೆ ಬಿಟ್ಟು ದಿನಾ ರಸ್ತೆಯಲ್ಲಿ ಓಡಿಸುವಂತಿಲ್ಲ. ನಿಮ್ಮದು ತೋಟಕ್ಕೆ ದುಡಿಯೋ ಜೀಪ್ ಅಲ್ವಾ? ಹಾಗಾದರೆ ಹಳೇ ನಂಬರನ್ನೇ ಉಳಿಸಿಕೊಂಡು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ.