ಲೋಕಲ್ ರೈಲಿನ ಆಟದಲ್ಲಿ ಮಗು ಕಲಿಯುವುದೇನು?

ಬಾಲವಾಡಿ ಶಿಕ್ಷಕರ ತರಬೇತಿಯ ‘ಆಟದ ಮೂಲಕ ಕಲಿಕೆ’ ಅಧ್ಯಾಯವನ್ನು ಸಿದ್ಧಾಂತಗಳಿಂದ ಶುರು ಮಾಡಿದರೆ, ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಪಿಯಾಜೆ, ವೈಗೋಟ್ಸ್ಕಿ, ಪಾರ್ಟನ್ ಎಲ್ಲರೂ ತಲೆಯಲ್ಲಿ ಕಲಸಿಹೋಗುತ್ತಾರೆ. ಒಂದೇ ಆಟವನ್ನು ಹಿಡಿದು ಓದಿ, ಸುಲಭವಾಗುತ್ತದೆ. ನಾನು ಆರಿಸಿಕೊಂಡದ್ದು ನಮ್ಮ ಮುಂಬಯಿ ಮಕ್ಕಳ ಲೋಕಲ್ ರೈಲಿನ ಆಟ.

ಧಾರಾವಿಯ ಬಾಲವಾಡಿಯೊಂದರಲ್ಲಿ ಬರೆದಿಟ್ಟುಕೊಂಡದ್ದು ಇಷ್ಟು. ಚಾಪೆಗಳ ಸಾಲು. ಮುಂದೆ ಕೂತ ಐದು ವರ್ಷದ ಹುಡುಗ ಮೋಟರ್‌ಮನ್, ಮರದ ತುಂಡೊಂದು ಅವನ ಹ್ಯಾಂಡಲ್. ಹಿಂದಿನ ಹುಡುಗಿ ‘ಪುಢೀಲ್ ಸ್ಟೇಶನ್, ಮಾಟುಂಗಾ’ (ಮುಂದಿನ ನಿಲ್ದಾಣ ಮಾಟುಂಗಾ) ಎಂದು ಮರಾಠಿಯಲ್ಲಿ ಸಾರಿ, ತಕ್ಷಣ ‘ಏ, ಇಳಿಯೋರಿಗಿ ದಾರಿ ಬಿಡ್ರಿ’ ಎಂದು ಕನ್ನಡಕ್ಕೆ ಹೊರಳಿದಳು. ಹೊರಗೆ ಚೆಂಡಾಟದ ಗದ್ದಲ. ಗೆಳೆಯ ಕರೆದಾಗ ಮೋಟರ್‌ಮನ್ ಏಳಲಿಲ್ಲ: ‘ದಾದರ್ ಬಂದಮ್ಯಾಲೆ ಬರ್ತೀನಿ, ಗಾಡಿ ನಡುವ ಬಿಟ್ಟು ಇಳಿಯಂಗಿಲ್ಲ.’

ಈ ಒಂದು ಮಾತಿನಲ್ಲಿ ವೈಗೋಟ್ಸ್ಕಿ ಇದ್ದಾರೆ. 1933ರ ಉಪನ್ಯಾಸದಲ್ಲಿ ಅವರು ಹೇಳಿದ್ದು, ಕಲ್ಪನೆಯ ಆಟಕ್ಕೂ ನಿಯಮ ಇರುತ್ತದೆ ಎಂದು. ಮೋಟರ್‌ಮನ್ ಆದವನು ಮೋಟರ್‌ಮನ್‌ನಂತೆಯೇ ನಡೆಯಬೇಕು. ನಾವು ಕೂರಿಸಿದರೆ ಎರಡು ನಿಮಿಷ ಕೂರದ ಮಗು, ತಾನೇ ಒಪ್ಪಿಕೊಂಡ ಪಾತ್ರಕ್ಕಾಗಿ ಆಸೆಯನ್ನು ತಡೆದುಕೊಳ್ಳುತ್ತದೆ. ಸ್ವನಿಯಂತ್ರಣ ಬೆಳೆಯುವುದು ಹೀಗೆ. ಪರೀಕ್ಷೆಯಲ್ಲಿ ಈ ಅಂಶ ಬಿಡಬೇಡಿ.

ಇನ್ನು ಮರದ ತುಂಡು. ಪಿಯಾಜೆ ಇದನ್ನು ಸಾಂಕೇತಿಕ ಆಟ ಎನ್ನುತ್ತಾರೆ, ಸುಮಾರು 2ರಿಂದ 7 ವರ್ಷದ ಹಂತದ ಲಕ್ಷಣ. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂಬುದು ಮಗುವಿಗೆ ಗೊತ್ತಾಗಿದೆ. ‘ಮ’ ಎಂಬ ಗೆರೆ ಒಂದು ಧ್ವನಿಯ ಬದಲಿಗೆ ನಿಲ್ಲುತ್ತದೆ ಎಂದು ಮುಂದೆ ತಿಳಿಯುವುದಕ್ಕೂ ಇದೇ ಬುನಾದಿ. ‘ಇವತ್ತು ಏನು ಬರೆಸಿದ್ರಿ ಟೀಚರ್?’ ಎಂದು ಕೇಳುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕು. ಜೊತೆಗೆ ಕೈಯ ಮಾತೂ ಇದೆ: ಮಣಿಕಟ್ಟಿನ 8 ಎಲುಬುಗಳು ಹುಟ್ಟುವಾಗ ಮೆದುವಾದ ಮೃದ್ವಸ್ಥಿ, ಪೂರ್ತಿ ಗಟ್ಟಿಯಾಗಲು ವರ್ಷಗಳೇ ಬೇಕು. ಮೂರರ ಮಗುವಿಗೆ ಕಾಪಿ ಬರೆಸುವುದು ನನಗಂತೂ ಸಂಕಟದ ವಿಷಯ. ಹಿಟ್ಟು ನಾದಲಿ, ಮಣಿ ಪೋಣಿಸಲಿ.

ಮಕ್ಕಳು ಇತರರೊಡನೆ ಹೇಗೆ ಆಡುತ್ತಾರೆ ಎಂದು ಪಾರ್ಟನ್ (1932) ಮಾಡಿದ ವಿಂಗಡಣೆ ಚಿಕ್ಕದು: ಒಂಟಿ ಆಟ, ನೋಡುತ್ತ ನಿಲ್ಲುವುದು, ಪಕ್ಕಪಕ್ಕದ ಆಟ, ಸಹಕಾರದ ಆಟ ಮುಂತಾದ ಬಗೆಗಳು. ಐದು ವರ್ಷದ ಮಗು ಒಂಟಿಯಾಗಿ ಆಡಿದರೆ ಹಿಂದುಳಿದಿದೆ ಎಂದು ಬರೆಯಬೇಡಿ.

ಸಾಮಗ್ರಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಮುಂಬಯಿಗೆ ಹತ್ತಿರವೇ ಇದೆ. ಶಿಶು ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ, ಆಮೇಲೆ ಕೋಸಬಾಡದಲ್ಲಿ, ಕಲ್ಲು, ಎಲೆ, ಚಿಪ್ಪುಗಳಿಂದಲೇ ಮಕ್ಕಳಿಗೆ ಕಲಿಸಿದರು. ಆದಿವಾಸಿಗಳ ಮನೆಯಂಗಳಕ್ಕೇ ಶಾಲೆ ಒಯ್ದರು. ಕೇಂದ್ರದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯ ಅಂಗನವಾಡಿಗಳು ಬಂದದ್ದು 1975ರಲ್ಲಿ. 2020ರ ಶಿಕ್ಷಣ ನೀತಿ 3ರಿಂದ 8 ವರ್ಷದ ಬುನಾದಿ ಹಂತಕ್ಕೆ ಆಟವನ್ನೇ ಆಧಾರ ಮಾಡಿದೆ.

ಹಾಗೆಂದು ಆಟ ಎಂದರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದಲ್ಲ. ನೀವೂ ಪ್ರಯಾಣಿಕರಾಗಿ ಹತ್ತಿ. ‘ಸಾಯನ್‌ಗೆ ಎರಡು ಟಿಕೆಟ್ ಕೊಡಪ್ಪಾ, ಎಷ್ಟಾಯ್ತು?’ ಎಂದು ಕೇಳಿ. ಲೆಕ್ಕ ಶುರುವಾಗುತ್ತದೆ, ಚೀಟಿಯ ಮೇಲೆ ಗೀಚುವುದೂ ಶುರುವಾಗುತ್ತದೆ. ಆಮೇಲೆ ಇಳಿದುಬಿಡಿ, ಆಟ ಅವರದು. ವೀಕ್ಷಣಾ ವಹಿಯಲ್ಲಿ ‘ಚೆನ್ನಾಗಿ ಆಡಿತು’ ಎಂದು ಬರೆಯದೆ, ಮಗು ಆಡಿದ ಮಾತು, ಎಣಿಸಿದ ಚೀಟಿ, ಜಗಳ ಬಗೆಹರಿಸಿದ ರೀತಿ, ಇವನ್ನು ಕಂಡ ಹಾಗೆಯೇ ಬರೆಯಿರಿ.