ಮಡಿಕೇರಿ ಚಳಿಯಲ್ಲಿ ಶೇವಿಂಗ್ ನೊರೆ ಬೆಚ್ಚಗಿರಬೇಕಾದರೆ

ಹುತ್ತರಿ ಕಳೆದ ಮೇಲೆ ಮಡಿಕೇರಿ ಕಡೆ ಬೆಳಗಿನ ಚಳಿ ಜೋರಾಗುತ್ತದೆ. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಬ್ರಷ್ಷು, ಸೋಪು ಇಟ್ಟುಕೊಂಡು ಹಳೆಯ ಕ್ರಮದಲ್ಲಿ ಗಡ್ಡ ಬೋಳಿಸಿಕೊಳ್ಳುವವರಿಗೆ ಆಗ ಒಂದು ತೊಂದರೆ. ಮೊದಲ ಸಲ ಹಚ್ಚಿದ ನೊರೆ ಬೆಚ್ಚಗೆ ಹಿತವಾಗಿರುತ್ತದೆ. ಒಂದು ಸುತ್ತು ರೇಜರ್ ಎಳೆದು ಎರಡನೇ ಸುತ್ತಿಗೆ ಬ್ರಷ್ ಎತ್ತುವಷ್ಟರಲ್ಲಿ ಬಟ್ಟಲಿನ ನೊರೆ ಕೊರೆಯುವಷ್ಟು ತಣ್ಣಗಾಗಿರುತ್ತದೆ. ಸರಿ, ಮರುದಿನ ಇನ್ನೂ ಬಿಸಿ ನೀರು ತೆಗೆದುಕೊಳ್ಳುತ್ತಾರೆ. ಆಗಲೂ ಅದೇ ಕತೆ. ನೊರೆಗೆ ಬಿಸಿ ಹಿಡಿದಿಟ್ಟುಕೊಳ್ಳುವ ತಾಕತ್ತೇ ಇಲ್ಲ. ಬಿಸಿಯನ್ನು ಬೇರೆ ಕಡೆ ಇಟ್ಟು, ಅಲ್ಲಿಂದ ನೊರೆಗೆ ಕೊಡುತ್ತಿರಬೇಕು.

ನೊರೆ ಅಂದರೆ ಏನು? ಬಹುಪಾಲು ಗಾಳಿ. ಆ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಹಿಡಿದಿರುವ ತೆಳ್ಳನೆಯ ಸೋಪುನೀರಿನ ಪೊರೆ. ಬಟ್ಟಲು ತುಂಬಾ ನೊರೆ ಕಂಡರೂ ಅದರಲ್ಲಿರುವ ನೀರು ಕೆಲವೇ ಗ್ರಾಂ. ಬಿಸಿ ಇರುವುದು ಆ ನೀರಿನಲ್ಲಿ. ಗಾಳಿಯಲ್ಲಿರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಒಂದು ಸಣ್ಣ ಲೆಕ್ಕ ಹಾಕೋಣ. ನೊರೆಯಲ್ಲಿ 5 ಗ್ರಾಂ ನೀರಿದೆ ಎಂದುಕೊಳ್ಳಿ. ಒಂದು ಗ್ರಾಂ ನೀರು ಒಂದು ಡಿಗ್ರಿ ಆರಬೇಕಾದರೆ ಸುಮಾರು 4.2 ಜೂಲ್ ಶಾಖ ಬಿಟ್ಟುಕೊಡಬೇಕು. ನಮ್ಮ 5 ಗ್ರಾಂ ನೀರು 40 ಡಿಗ್ರಿಯಿಂದ 30ಕ್ಕೆ ಇಳಿಯುವುದಕ್ಕೆ 210 ಜೂಲ್ ಹೋದರೆ ಸಾಕು. ಈಗ ಆವಿಯ ಕಡೆ ನೋಡಿ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ತನ್ನ ಸುತ್ತಲಿಂದ ಸುಮಾರು 2,400 ಜೂಲ್ ಕಿತ್ತುಕೊಳ್ಳುತ್ತದೆ. ಅಂದರೆ 210 ಜೂಲ್ ಕಳೆಯಲು ಒಂದು ಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ನೀರು ಆವಿಯಾದರೆ ಆಯಿತು. ಹೆಚ್ಚೆಂದರೆ ಎರಡು ಹನಿ! ಎರಡು ಹನಿ ಹಾರಿಹೋದದ್ದು ಕಣ್ಣಿಗೆ ಕಾಣುವುದೂ ಇಲ್ಲ. ನೊರೆ ಮಾತ್ರ ಹತ್ತು ಡಿಗ್ರಿ ಆರಿರುತ್ತದೆ.

ಬಟ್ಟಲಿನ ಗೋಡೆಗೆಲ್ಲ ನೊರೆಯನ್ನು ಹರಡಿಬಿಟ್ಟರೆ ಗಾಳಿಗೆ ಒಡ್ಡಿಕೊಂಡ ಮೈ ಇನ್ನೂ ಜಾಸ್ತಿಯಾಗುತ್ತದೆ. ಬಿಸಿ ಕಾಫಿಯನ್ನು ತಟ್ಟೆಗೆ ಸುರಿದುಕೊಂಡು ಆರಿಸುವ ಹಾಗೆಯೇ ಇದು.

ಇಲ್ಲಿ ಕೊಡಗಿನವರಿಗೆ ಒಂದು ಪ್ರಶ್ನೆ ಬರಬೇಕು. ಜುಲೈ ತಿಂಗಳ ಮಳೆಯಲ್ಲಿ ಗಾಳಿಯೇ ಒದ್ದೆ. ಹಗ್ಗದ ಮೇಲೆ ಹಾಕಿದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಹಾಗಿದ್ದರೆ ಮಳೆಗಾಲದಲ್ಲಿ ನೊರೆಯಿಂದ ನೀರು ಆವಿಯಾಗಬಾರದು, ನೊರೆ ಬೆಚ್ಚಗೇ ಇರಬೇಕು, ಅಲ್ವಾ? ಆದರೆ ಇರುವುದಿಲ್ಲ. 20 ಡಿಗ್ರಿಯ ಗಾಳಿ ಪೂರ್ತಿ ಒದ್ದೆಯಾದರೂ ಒಂದು ಘನ ಮೀಟರಿನಲ್ಲಿ ಹಿಡಿಯುವ ಆವಿ ಸುಮಾರು 17 ಗ್ರಾಂ ಮಾತ್ರ. 40 ಡಿಗ್ರಿಯ ನೊರೆಗೆ ಅಂಟಿಕೊಂಡಿರುವ ಗಾಳಿಪದರದಲ್ಲಿ ಅದು 51 ಗ್ರಾಂ ತನಕ ಇರಬಲ್ಲದು. ಈ 51ಕ್ಕೂ 17ಕ್ಕೂ ಇರುವ ಅಂತರವೇ ಆವಿಯನ್ನು ನೊರೆಯಿಂದ ಆಚೆ ತಳ್ಳುತ್ತದೆ. ಬಟ್ಟೆಗೆ ಹೀಗೆ ಆಗುವುದಿಲ್ಲ, ಏಕೆಂದರೆ ಬಟ್ಟೆಯೂ ಗಾಳಿಯಷ್ಟೇ ತಣ್ಣಗಿರುತ್ತದೆ. ಬೆಚ್ಚಗಿರುವ ಒದ್ದೆ ವಸ್ತು ಎಂಥ ಮಳೆಗಾಲದಲ್ಲೂ ಆವಿ ಬಿಡುತ್ತದೆ. ಬಚ್ಚಲುಮನೆಯ ಹಂಡೆಯಿಂದ ಹಬೆ ಏಳುವುದನ್ನು ನೋಡಿದರೆ ಗೊತ್ತಾಗುತ್ತದೆ.

ಚಳಿಗಾಲದ ಒಣ ಗಾಳಿಯಲ್ಲಿ ಈ ಅಂತರ ಇನ್ನೂ ದೊಡ್ಡದು. ಆಗ ಬಟ್ಟಲಿನ ನೊರೆ ಕೋಣೆಯ ಗಾಳಿಗಿಂತಲೂ ತಣ್ಣಗಾಗಬಹುದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದೂ ಇದೇ ನಿಯಮದಿಂದ.

ನೊರೆ ಬೆಚ್ಚಗಿದ್ದರೆ ಗಡ್ಡಕ್ಕೆ ನಿಜವಾಗಿ ಏನು ಲಾಭ? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣ ಕೂದಲಿನ ಬಿಗಿಗೆ ಒಂದು ಮುಖ್ಯ ಕಾರಣ ಪ್ರೋಟೀನಿನ ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು. ನೀರು ಒಳಗೆ ನುಗ್ಗಿದರೆ ಆ ಬಂಧಗಳು ಸಡಿಲವಾಗುತ್ತವೆ. ಕೂದಲು ಸುಮಾರು ಶೇಕಡಾ 15ರಷ್ಟು ದಪ್ಪವಾಗಿ ಊದಿಕೊಂಡು ಮೆತ್ತಗಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ಬಿಸಿ ಇದ್ದರೆ ಕೆಲಸ ಬೇಗ ಆಗುತ್ತದೆ, ಚರ್ಮದ ಜಿಡ್ಡೂ ಬೇಗ ಬಿಡುತ್ತದೆ. ಆದರೆ ಮೆತ್ತಗೆ ಮಾಡುವುದು ನೀರು. ಹಾಗಾಗಿ ಮುಖವನ್ನು ಚೆನ್ನಾಗಿ ನೆನೆಸದೆ ನೊರೆ ಎಷ್ಟು ಬಿಸಿ ಮಾಡಿದರೂ ಪ್ರಯೋಜನ ಕಡಿಮೆ.

ಮೆತ್ತಗಾಗುವುದು ಬ್ಲೇಡಿಗೂ ಒಳ್ಳೆಯದು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡಿನ ಅಂಚು ಕೂದಲು ಕತ್ತರಿಸುತ್ತಲೇ ಚೂರು ಚೂರಾಗಿ ಮುರಿಯುತ್ತದೆ ಎಂದು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದರು.

ಬಿಸಿಯ ದೊಡ್ಡ ಲಾಭ ಇರುವುದು ಚರ್ಮಕ್ಕೆ, ಮನಸ್ಸಿಗೆ. ಅದೇನೂ ಸಣ್ಣ ಲಾಭ ಅಲ್ಲ. ಚಳಿಗೆ ಮುಖ ಬಿಗಿ ಹಿಡಿದುಕೊಂಡು ರೇಜರ್ ಎಳೆಯುವುದಕ್ಕೂ ಸಡಿಲವಾಗಿ ಎಳೆಯುವುದಕ್ಕೂ ವ್ಯತ್ಯಾಸ ಇದೆ. ನಮ್ಮ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಇದನ್ನು ಪತ್ತೆ ಮಾಡಿದವರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಮುಖ್ಯರು. ಬಿಸಿ, ತಂಪು ಮತ್ತು ಸ್ಪರ್ಶದ ಅರಿವಿನ ಕುರಿತ ಕೆಲಸಕ್ಕೆ ಇವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು. ಈ ಪ್ರೋಟೀನಿಗೆ ಒಂದು ವಿಶೇಷ ಗುಣ ಇದೆ. ಮೆಂತಾಲ್ ತಗುಲಿದರೂ ಅದು ತಂಪು ತಗುಲಿದ ಸುದ್ದಿಯನ್ನೇ ಕಳಿಸುತ್ತದೆ. ಹಾಗಾಗಿ ಮೆಂತಾಲ್ ಇರುವ ಕ್ರೀಮು ಹಚ್ಚಿದರೆ 40 ಡಿಗ್ರಿಯ ನೊರೆಯೂ ತಣ್ಣಗಿದ್ದಂತೆ ಅನಿಸುತ್ತದೆ. ಡಿಸೆಂಬರಿನಲ್ಲಿ ಬೆಚ್ಚನೆಯ ಶೇವ್ ಬೇಕಾದವರು ಅದನ್ನು ಬೇಸಿಗೆಗೆ ಎತ್ತಿಡುವುದು ಒಳ್ಳೆಯದು.

ಹಾಗಂತ ನೊರೆಯನ್ನು ಸುಡುವಷ್ಟು ಬಿಸಿ ಮಾಡಬಾರದು. ಸುಮಾರು 43 ಡಿಗ್ರಿ ದಾಟಿದರೆ ಚರ್ಮದಲ್ಲಿ ನೋವಿನ ಸುದ್ದಿ ಕಳಿಸುವ ಬೇರೆ ಪ್ರೋಟೀನ್ ಎಚ್ಚರವಾಗುತ್ತದೆ. ನೊರೆಯೂ ಹಾಳಾಗುತ್ತದೆ. ಗುಳ್ಳೆಗಳು ಒಂದಕ್ಕೊಂದು ಸೇರುವ ಅಂಚುಗಳಲ್ಲಿ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ನೊರೆಯ ನೀರು ಆ ಕಾಲುವೆಗಳಲ್ಲಿ ಕೆಳಗೆ ಇಳಿಯುತ್ತಲೇ ಇರುತ್ತದೆ. ಬಿಸಿಯಾದಷ್ಟೂ ನೀರು ತೆಳುವಾಗುತ್ತದೆ. 20 ಡಿಗ್ರಿಯಲ್ಲಿ ಇರುವ ಜಿಗುಟು 40 ಡಿಗ್ರಿಗೆ ಬರುವಾಗ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿರುತ್ತದೆ. ನೀರು ಬೇಗ ಇಳಿದರೆ ಮೇಲೆ ಉಳಿಯುವುದು ಒಣಗಿದ ಗುಳ್ಳೆ. ಅದು ಬ್ಲೇಡ್ ಜಾರಲು ಸಹಾಯ ಮಾಡುವುದಿಲ್ಲ. ನೊರೆ 40 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ಕೈಗೆ ಹಾಕಿಕೊಂಡರೆ ಹಿತವಾಗಿರಬೇಕು, ಅಷ್ಟೇ.

ಈಗ ಬಿಸಿ ಇಡುವ ಜಾಗಕ್ಕೆ ಬರೋಣ. 19ನೇ ಶತಮಾನದ ಬ್ರಿಟನ್ನಿನಲ್ಲಿ ಸ್ಕಟಲ್ ಎಂಬ ಪಿಂಗಾಣಿ ಮಗ್ ಬಳಕೆಯಲ್ಲಿತ್ತು. ಕೆಳಗೆ ಬಿಸಿ ನೀರು, ಮೇಲೆ ಸೋಪು, ಪಕ್ಕದ ಅಗಲ ಬಾಯಿಯಲ್ಲಿ ಬ್ರಷ್ ಅದ್ದಿಕೊಳ್ಳುವುದು. ಈಗಿನ ಸ್ಕಟಲ್‌ಗೆ ಎರಡು ಗೋಡೆ. ನಡುವಿನ ಟೊಳ್ಳಿಗೆ ಬಿಸಿ ನೀರು ಸುರಿಯುತ್ತಾರೆ, ಒಳಗಿನ ಬಟ್ಟಲಲ್ಲಿ ನೊರೆ ಕಟ್ಟುತ್ತಾರೆ. ಇದನ್ನು ದುಡ್ಡು ಕೊಟ್ಟು ತರಿಸಬೇಕಾಗಿಲ್ಲ. ಒಂದು ದೊಡ್ಡ ಬಟ್ಟಲು, ಅದರೊಳಗೆ ಕೂರುವ ಸಣ್ಣ ಸ್ಟೀಲ್ ಬಟ್ಟಲು ಇದ್ದರೆ ಕೆಲಸ ಆಯಿತು. ದೊಡ್ಡದಕ್ಕೆ ಒಂದು ಲೋಟ, ಅಂದರೆ 200 ಮಿಲಿ ಲೀಟರ್, 50 ಡಿಗ್ರಿಯ ನೀರು ಹಾಕಿ. ಆ ನೀರು ಬರೀ 5 ಡಿಗ್ರಿ ಆರುವಷ್ಟರಲ್ಲಿ 4,000 ಜೂಲ್‌ಗಿಂತ ಜಾಸ್ತಿ ಶಾಖ ಬಿಟ್ಟುಕೊಡುತ್ತದೆ. ನೊರೆ ಕಳೆದುಕೊಳ್ಳುವ 210 ಜೂಲ್‌ನ ಸುಮಾರು 20 ಪಟ್ಟು! ನಮ್ಮಲ್ಲಿ ಸೌದೆ ಒಲೆಯ ಹಂಡೆ ಇರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅಲ್ಲಿ ಬೆಳಿಗ್ಗೆ ಈ ನೀರಿಗೆ ಬರ ಇಲ್ಲ.

ಒಳಗಿನ ಬಟ್ಟಲು ತೆಳುವಾದ ಸ್ಟೀಲಿನದೇ ಇರಲಿ. ಸ್ಟೀಲ್ ಪಿಂಗಾಣಿಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ, ನೀರಿನ ಬಿಸಿ ನೊರೆಗೆ ಸರಾಗವಾಗಿ ಸಿಗುತ್ತದೆ. ಆದರೆ ನೀರಿನಲ್ಲಿ ಕೂರಿಸದೆ ಬರಿದೇ ಕಲ್ಲಿನ ಕಟ್ಟೆಯ ಮೇಲಿಟ್ಟರೆ ಅದೇ ಗುಣ ಉಲ್ಟಾ ಹೊಡೆಯುತ್ತದೆ. ಬಿಸಿ ಕಲ್ಲಿಗೆ ಹೋಗುತ್ತದೆ. ಒಂದೇ ಬಟ್ಟಲು ಬಳಸುವವರು ದಪ್ಪ ಪಿಂಗಾಣಿಯದನ್ನು ಮೊದಲೇ ಬಿಸಿ ನೀರು ತುಂಬಿ ಕಾಯಿಸಿಕೊಳ್ಳಲಿ. ತೆಂಗಿನ ಕರಟವೂ ಚೆನ್ನ. ಅದು ಮರದ ಹಾಗೆ ಶಾಖ ದಾಟಿಸುವುದೇ ಕಡಿಮೆ. ಆದರೆ ಹಗುರ, ತಾನಾಗಿ ಬಿಸಿ ಕೂಡಿಟ್ಟುಕೊಳ್ಳುವುದಿಲ್ಲ.

ಎಲ್ಲರೂ ಮರೆಯುವ ವಸ್ತು ಮುಚ್ಚಳ. ಬಿಸಿಯ ದೊಡ್ಡ ಪಾಲು ಹೋಗುವುದು ಆವಿಯ ದಾರಿಯಲ್ಲಿ ಅಂದಮೇಲೆ ಆ ದಾರಿ ಮುಚ್ಚಬೇಕು. ಒಂದು ಸಾಸರನ್ನು ಬಟ್ಟಲಿನ ಮೇಲೆ ಕವುಚಿಟ್ಟರೆ ಒಳಗಿನ ಗಾಳಿ ಆವಿಯಿಂದ ತುಂಬಿಕೊಳ್ಳುತ್ತದೆ. ಆಮೇಲೆ ಆವಿಯಾಗುವುದು ಹೆಚ್ಚು ಕಡಿಮೆ ನಿಂತೇಹೋಗುತ್ತದೆ. ನೀರನ್ನು ಇನ್ನೂ ಹತ್ತು ಡಿಗ್ರಿ ಕಾಯಿಸುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಬ್ರಷ್ ಕೂಡ ಬಿಸಿಯ ಉಗ್ರಾಣವೇ. ಕೆಲವು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆಸಿ ಹಗುರವಾಗಿ ಹಿಂಡಿದರೆ ಕೂದಲಿನ ನಡುವೆ ಸಾಕಷ್ಟು ಬಿಸಿ ನೀರು ಉಳಿಯುತ್ತದೆ. ಪ್ರಾಣಿ ಕೂದಲಿನ ಬ್ರಷ್ ಸಿಂಥೆಟಿಕ್ ಬ್ರಷ್ಷಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಕುದಿಯುವ ನೀರು ಬೇಡ. ಕೂದಲು ಹಾಳಾಗುತ್ತದೆ, ಬುಡದ ಅಂಟೂ ಸಡಿಲವಾಗುತ್ತದೆ. ನೊರೆ ಕಟ್ಟಿದ ಮೇಲೆ ಅದನ್ನು ಬಟ್ಟಲಿನ ಗೋಡೆಗೆ ಬಳಿದಿಡುವ ಬದಲು ಬ್ರಷ್ಷಿನ ಒಡಲೊಳಗೇ ಉಳಿಸಿ. ಅಲ್ಲಿಗೆ ಗಾಳಿ ಸುಲಭವಾಗಿ ತಾಗುವುದಿಲ್ಲ.

ಮುಖಕ್ಕೆ ಹಚ್ಚಿದ ನೊರೆಯ ಮಾತು ಬೇರೆ. ಹೊರಮೈ ಬೇಗ ಆರುತ್ತದೆ, ಒಳಮೈಗೆ 33 ಡಿಗ್ರಿಯ ಆಸುಪಾಸಿನ ಚರ್ಮದ ಬಿಸಿ ಸಿಗುತ್ತಿರುತ್ತದೆ. ಅಲ್ಲಿ ನೊರೆಯನ್ನು ಬೆಚ್ಚಗೆ ಇಡಲು ಹೆಣಗಾಡುವುದು ವ್ಯರ್ಥ. ನನ್ನ ಪ್ರಕಾರ ಒಳ್ಳೆಯ ದಾರಿ ಇದು. ಮೊದಲು ಇಡೀ ಮುಖಕ್ಕೆ ಹಚ್ಚಿ ಗಡ್ಡ ನೆನೆಯಲು ಬಿಡಿ. ಆಮೇಲೆ ಒಂದು ಕೆನ್ನೆ ಮುಗಿಸಿ, ಇನ್ನೊಂದಕ್ಕೆ ಹೋಗುವ ಮುಂಚೆ ಬಟ್ಟಲಿನಿಂದ ಬೆಚ್ಚನೆಯ ನೊರೆಯನ್ನು ತೆಳ್ಳಗೆ ಮತ್ತೊಮ್ಮೆ ಬಳಿಯಿರಿ. ಪ್ರತಿ ಸಲವೂ ಸಾಸರ್ ಮುಚ್ಚಿಡಿ.

ನೊರೆ ಕಟ್ಟುವ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲ ಇದೆ. ಮಳೆ ಮತ್ತು ತೊರೆಯ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಸಿ ಮಾಡುತ್ತದೆ, ನೊರೆ ಸಾಯುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ತೊಂದರೆ ಇರಬಹುದು. ಅಂಥವರು ಶೇವಿಂಗಿಗೆ ಒಂದು ತಂಬಿಗೆ ಮಳೆ ನೀರು ಹಿಡಿದಿಟ್ಟುಕೊಂಡರೆ ಕಡಿಮೆ ಸೋಪಿನಲ್ಲೇ ಗಟ್ಟಿ ನೊರೆ ಬರುತ್ತದೆ. ಗಟ್ಟಿ ನೊರೆಯಿಂದ ನೀರು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಬೆಚ್ಚಗಿಟ್ಟರೂ ಎರಡನೇ ಸುತ್ತಿನ ತನಕ ಕೆಡದೆ ನಿಲ್ಲುತ್ತದೆ.